ಔಷಧ ಗಡ್ಡೆಯನ್ನು ತಲುಪಿತೇ?

ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಂಥ ಕಡೆ ಕ್ಯಾನ್ಸರ್ ಔಷಧದ ಒಂದು ಬ್ಯಾಚು ಕಾರ್ಖಾನೆಯ ಗೇಟು ದಾಟುವ ಮೊದಲು ಅದು ಎದುರಿಸುವ ಪರೀಕ್ಷೆಗಳಿಗೆ ಲೆಕ್ಕವಿಲ್ಲ. ಎಚ್‌ಪಿಎಲ್‌ಸಿ ಯಂತ್ರ ಅದರ ಶುದ್ಧತೆಯನ್ನು ಅಳೆಯುತ್ತದೆ. ಎನ್‌ಎಂಆರ್ ಯಂತ್ರ ಅಣುವಿನ ರಚನೆ ಸರಿಯಿದೆಯೇ ಎಂದು ತೋರಿಸುತ್ತದೆ. ಕಲ್ಮಶವೊಂದು ಶೇಕಡಾ 0.1ರ ಸುತ್ತ ಬಂದರೂ ಸಾಕು, ಅದೇನು, ಎಲ್ಲಿಂದ ಬಂತು ಎಂದು ಸಾಮಾನ್ಯವಾಗಿ ವಿವರಣೆ ಕೊಡಬೇಕಾಗುತ್ತದೆ. ಇಷ್ಟೆಲ್ಲ ಕಾವಲು ಕಂಡ ಆ ಮದ್ದು ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿರುವ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ರೋಗಿಯ ರಕ್ತನಾಳಕ್ಕೆ ಇಳಿದ ಮೇಲೆ ಗಡ್ಡೆಯೊಳಗೆ ಎಷ್ಟು ಹೋಯಿತು ಎಂದು ನೋಡುವ ವ್ಯವಸ್ಥೆಯೇ ಇಲ್ಲ. ಎರಡು ಮೂರು ಸುತ್ತು ಮದ್ದು ಕೊಟ್ಟು, ವಾರಗಟ್ಟಲೆ ಕಾದು, ಗಡ್ಡೆ ಕುಗ್ಗಿದೆಯೇ ಎಂದು ಸ್ಕ್ಯಾನಿನಲ್ಲಿ ಅಳೆಯುತ್ತಾರೆ. ಕುಗ್ಗದಿದ್ದರೆ ಕಾರಣ ಎರಡರಲ್ಲಿ ಒಂದು: ಮದ್ದು ಅಲ್ಲಿಗೆ ಹೋಗಲೇ ಇಲ್ಲ, ಅಥವಾ ಹೋದರೂ ಕೆಲಸ ಮಾಡಲಿಲ್ಲ. ಈ ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು. ಯಾವುದು ಎಂದು ಗೊತ್ತಾಗದೆ ವೈದ್ಯರು ಮದ್ದನ್ನೇ ಬದಲಿಸುತ್ತಾರೆ. ಆ ಹೊತ್ತಿಗೆ ರೋಗಿಯ ಮನೆಯವರು ಸಾಲ ಮಾಡಿರುತ್ತಾರೆ, ರೋಗಿ ಕೂದಲು ಕಳೆದುಕೊಂಡು ನಿತ್ರಾಣವಾಗಿರುತ್ತಾರೆ.

ಈ ಕತ್ತಲೆಗೆ ಬೆಳಕು ತರುವ ಭರವಸೆ ಕೊಟ್ಟ ಒಂದು ಪ್ರಬಂಧ 2016ರಲ್ಲಿ ಆಂಕೊಟಾರ್ಗೆಟ್ ಪತ್ರಿಕೆಯಲ್ಲಿ ಬಂತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಗ್ವಾನ್‌ಶೂ ಲಿಯು ಅವರ ತಂಡದ ಕೆಲಸ ಅದು. ಕ್ಯಾನ್ಸರ್ ಔಷಧಕ್ಕೆ ಯಾವ ಬಣ್ಣವನ್ನೂ ವಿಕಿರಣ ಸೂಸುವ ಪರಮಾಣುವನ್ನೂ ಲೋಹವನ್ನೂ ಅಂಟಿಸದೆ, ಔಷಧ ಇದ್ದ ಹಾಗೆಯೇ ಅದನ್ನು ಎಂಆರ್‌ಐ ಯಂತ್ರದಲ್ಲಿ ನೋಡಬಹುದು ಎಂದು ಅವರು ತೋರಿಸಿದರು. 22 ಔಷಧಗಳನ್ನು ಪರೀಕ್ಷಿಸಿ, ಪಿರಿಮಿಡಿನ್, ಪ್ಯೂರಿನ್ ಮತ್ತು ಫೋಲೇಟ್‌ಗಳನ್ನು ಹೋಲುವ ಮೂರು ಬಗೆಯ ಮದ್ದುಗಳ ಗುಣವನ್ನು ವಿವರವಾಗಿ ಅಳೆದು, ಕೊನೆಗೆ ಜೆಮ್ಸಿಟಬೈನ್ ಎಂಬ ಮದ್ದನ್ನು ಲೈಪೊಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಚೀಲಗಳಲ್ಲಿ ತುಂಬಿ ಇಲಿಗಳ ರಕ್ತಕ್ಕೆ ಬಿಟ್ಟು, ಅವುಗಳ ಗಡ್ಡೆಯಲ್ಲಿ ಅದು ಸೇರಿದ್ದನ್ನು ಚಿತ್ರವಾಗಿ ಕಂಡರು. ಈ ವಿಧಾನಕ್ಕೆ ತಕ್ಷಣವೇ ಚಿಕಿತ್ಸೆಯಲ್ಲಿ ಪರಿಣಾಮ ಬೀರುವ ಸಾಧ್ಯತೆ ಇದೆ ಎಂಬುದು ಲೇಖಕರ ಮಾತು. ಈ ಬರಹದಲ್ಲಿ ನಾನು ತೂಗಿ ನೋಡುವುದು ಆ ಕೆಲಸವನ್ನೂ ಆ ಮಾತನ್ನೂ. ಕೆಲಸ ನನಗೆ ಬಹಳ ಇಷ್ಟವಾಗಿದೆ, ಮಾತನ್ನು ಒಪ್ಪಲಾರೆ.

ಈ ವಿಧಾನದ ಸೊಗಸು ಪಟಾನ್‌ಚೆರುವಿನ ಯಾವ ಔಷಧ ರಸಾಯನತಜ್ಞರಿಗೂ ಬೇಗ ಹಿಡಿಸುತ್ತದೆ. ಎನ್‌ಎಂಆರ್ ಕಲಿತವರೆಲ್ಲ ಭಾರಜಲದ ಪರೀಕ್ಷೆಯನ್ನು ಮಾಡಿರುತ್ತಾರೆ. ಔಷಧದ ದ್ರಾವಣಕ್ಕೆ ಒಂದೆರಡು ಹನಿ ಭಾರಜಲ ಹಾಕಿ ಅಲುಗಾಡಿಸಿದರೆ ಕೆಲವು ಗೆರೆಗಳು ಮಾಯವಾಗುತ್ತವೆ. ಅಮೈನೋ ಗುಂಪಿನ, ಹೈಡ್ರಾಕ್ಸಿಲ್ ಗುಂಪಿನ ಹೈಡ್ರೋಜನ್ನುಗಳು ಅಣುವಿನಲ್ಲಿ ಕಚ್ಚಿ ಕೂರುವುದಿಲ್ಲ, ಸುತ್ತಲಿನ ನೀರಿನ ಹೈಡ್ರೋಜನ್ನಿನೊಡನೆ ಸದಾ ಅದಲುಬದಲಾಗುತ್ತಿರುತ್ತವೆ. ಪ್ರಯೋಗಾಲಯದಲ್ಲಿ ಈ ಅದಲುಬದಲನ್ನು ಗೆರೆ ಗುರುತಿಸಲು ಒಮ್ಮೆ ಬಳಸಿಕೊಂಡು ಆಮೇಲೆ ಕಾಟವೆಂದೇ ಬದಿಗಿಡುತ್ತಾರೆ. ರಾಬರ್ಟ್ ಬಲಬಾನ್, ಕ್ಯಾಥ್ಲೀನ್ ವಾರ್ಡ್ ಮತ್ತು ಅವರ ಸಂಗಡಿಗರು 2000ದಲ್ಲಿ ಇದೇ ಕಾಟವನ್ನು ಎಂಆರ್‌ಐ ಚಿತ್ರದ ಮೂಲವನ್ನಾಗಿ ಮಾಡಿಕೊಂಡರು. ಅವರು ಅದಕ್ಕಿಟ್ಟ ಹೆಸರಿನ ಗಿಡ್ಡ ರೂಪ ಸೆಸ್ಟ್, ಲಿಯು ತಂಡ ಬಳಸಿದ್ದೂ ಇದನ್ನೇ.

ಎಂಆರ್‌ಐ ನೋಡುವುದು ನೀರನ್ನು. ಶುದ್ಧ ನೀರಿನಲ್ಲಿ ಹೈಡ್ರೋಜನ್ನಿನ ಸಾಂದ್ರತೆ 110 ಮೋಲಾರ್‌ನ ಆಸುಪಾಸು, ದೇಹದೊಳಗೆ ಕೊಂಚ ಕಡಿಮೆ. ಔಷಧ ಇರುವುದು ಅದರ ಲಕ್ಷದಲ್ಲೊಂದು ಪಾಲು. ಆ ಸಣ್ಣ ಪಾಲಿನ ದನಿಯನ್ನು ನೇರವಾಗಿ ಕೇಳಲು ಹೋದರೆ ನೀರಿನ ಗದ್ದಲದಲ್ಲಿ ಏನೂ ಕೇಳಿಸದು. ಸೆಸ್ಟ್ ಬೇರೆ ದಾರಿ ಹಿಡಿಯುತ್ತದೆ. ಔಷಧದ ಅಮೈನೋ ಹೈಡ್ರೋಜನ್ನು ಮಿಡಿಯುವ ತರಂಗಾಂಕಕ್ಕೆ ಸರಿಯಾಗಿ ರೇಡಿಯೊ ತರಂಗವನ್ನು ಕೆಲವು ಸೆಕೆಂಡು ಬಿಟ್ಟರೆ ಅಲ್ಲಿರುವ ಹೈಡ್ರೋಜನ್ನಿನ ಸಂಕೇತ ಅಳಿಸಿಹೋಗುತ್ತದೆ. ಅಳಿಸಿಹೋದದ್ದು ನೀರಿಗೆ ಜಾರುತ್ತದೆ, ನೀರಿನಿಂದ ಹೊಸದು ಬಂದು ಅದರ ಜಾಗದಲ್ಲಿ ಕೂರುತ್ತದೆ, ಅದೂ ಅಳಿಸಿಹೋಗುತ್ತದೆ. ಒಬ್ಬನೇ ಅಂಬಿಗ ಪುಟ್ಟ ದೋಣಿಯಲ್ಲಿ ಇಡೀ ಊರನ್ನು ಹೊಳೆ ದಾಟಿಸುವ ರೀತಿ ಇದು. ದೋಣಿಯಲ್ಲಿ ಹಿಡಿಯುವುದು ನಾಲ್ಕೇ ಜನವಾದರೂ ಸಂಜೆಯ ಹೊತ್ತಿಗೆ ಈಚೆ ದಡ ಖಾಲಿಯಾದದ್ದು ದೂರದಿಂದಲೇ ಕಾಣುತ್ತದೆ. ಹೀಗೆ ನೀರಿನ ಸಂಕೇತ ಎಲ್ಲಿ ಕುಗ್ಗಿತೋ ಅಲ್ಲಿ ಔಷಧವಿದೆ.

ಗುರುತು ಅಂಟಿಸದೆ ನೋಡುವುದು ಯಾಕೆ ಅಷ್ಟು ಮುಖ್ಯ? ಜೆಮ್ಸಿಟಬೈನ್‌ನ ಅಣುತೂಕ 263. ಹೊಳೆಯುವ ಬಣ್ಣದ ಅಣುಗಳು ಹಲವು ಅದಕ್ಕಿಂತ ದೊಡ್ಡವು. ಅಂಥದ್ದನ್ನು ಅಂಟಿಸಿದ ಮೇಲೆ ಜೀವಕೋಶದ ಬಾಗಿಲಲ್ಲಿ ನಿಲ್ಲುವುದು ಬೇರೆಯದೇ ವಸ್ತು, ಅದರ ಜಾಡು ಹಿಡಿದು ಔಷಧದ ಜಾಡು ಸಿಕ್ಕಿತೆನ್ನಲು ಬರುವುದಿಲ್ಲ. ವಿಕಿರಣ ಸೂಸುವ ಪರಮಾಣು ಸೇರಿಸಿದರೆ ಅಣು ಹೆಚ್ಚು ಬದಲಾಗದು ನಿಜ. ಆದರೆ ಪೆಟ್ ಸ್ಕ್ಯಾನ್ ಕಾಣುವುದು ಆ ಪರಮಾಣುವನ್ನು. ಔಷಧ ಒಡೆದು ನಿಷ್ಪ್ರಯೋಜಕವಾದ ಮೇಲೂ ಅದರ ಚೂರಿನಲ್ಲಿ ಪರಮಾಣು ಬೆಳಗುತ್ತಲೇ ಇರುತ್ತದೆ. ಜೆಮ್ಸಿಟಬೈನ್‌ಗೆ ಇದು ದೊಡ್ಡ ತೊಡಕು, ಏಕೆಂದರೆ ದೇಹದಲ್ಲಿರುವ ಸಿಟಿಡಿನ್ ಡಿಅಮಿನೇಸ್ ಎಂಬ ಕಿಣ್ವ ಅದರ ಅಮೈನೋ ಗುಂಪನ್ನು ಬೇಗ ಕಿತ್ತುಹಾಕಿ ಅದನ್ನು ದುರ್ಬಲಗೊಳಿಸುತ್ತದೆ. ಸೆಸ್ಟ್‌ನಲ್ಲಿ ಮುಖ್ಯ ಸಂಕೇತ ಬರುವುದು ಅದೇ ಅಮೈನೋ ಗುಂಪಿನಿಂದ. ಕಿಣ್ವ ಅದನ್ನು ಕಿತ್ತರೆ ಆ ಸಂಕೇತವೂ ಹೋಗಬೇಕು. ಲಿಯು ಮತ್ತು ಸಹೋದ್ಯೋಗಿಗಳು 2011ರಲ್ಲೇ ಸೈಟೋಸಿನ್ ಎಂಬ ಸರಳ ಅಣುವಿನಲ್ಲಿ ಇದನ್ನು ತೋರಿಸಿದ್ದರು. ಅಂದರೆ ಈ ವಿಧಾನ ಮದ್ದು ಎಲ್ಲಿದೆ ಎಂಬುದರ ಜೊತೆಗೆ ಅದು ಇನ್ನೂ ಕೆಲಸಕ್ಕೆ ಬರುವ ಸ್ಥಿತಿಯಲ್ಲಿದೆಯೇ ಎಂಬುದನ್ನೂ ಹೇಳಬಲ್ಲದು. ನನ್ನ ಎಣಿಕೆಯಲ್ಲಿ ಈ ವಿಧಾನದ ಅತಿ ದೊಡ್ಡ ಬಲ ಇದೇ. ಪ್ರಬಂಧ ಒತ್ತು ಕೊಟ್ಟದ್ದು ಮಾತ್ರ ಲೈಪೊಸೋಮ್ ಗಡ್ಡೆ ಸೇರಿತು ಎಂಬುದಕ್ಕೆ.

ಇನ್ನು ಒಪ್ಪಲಾರದ ಭಾಗ. ಅದಕ್ಕೆ ದೊಡ್ಡ ಉಪಕರಣ ಬೇಡ, ಪ್ರೌಢಶಾಲೆಯ ಲೆಕ್ಕ ಸಾಕು. ರೋಗಿಗೆ ಜೆಮ್ಸಿಟಬೈನ್ ಕೊಡುವ ವಾಡಿಕೆಯ ಪ್ರಮಾಣ ದೇಹದ ಹೊರಮೈಯ ಪ್ರತಿ ಚದರ ಮೀಟರಿಗೆ 1,000 ಮಿಲಿಗ್ರಾಂ. ನಮ್ಮಲ್ಲಿನ ಸಾಧಾರಣ ಮೈಕಟ್ಟಿನವರಿಗೆ ಒಟ್ಟು 1.6 ಗ್ರಾಂ ಎಂದುಕೊಳ್ಳಿ. ಅಣುತೂಕದಿಂದ ಭಾಗಿಸಿದರೆ ಸುಮಾರು 6 ಮಿಲಿಮೋಲ್. ದೇಹದ ನೀರು 36 ಲೀಟರ್ ಹಿಡಿದರೆ, ಒಂದು ಅಣುವೂ ಒಡೆಯದೆ ಎಲ್ಲ ಕಡೆ ಸಮನಾಗಿ ಹರಡಿದರೂ ಸಿಗುವ ಸಾಂದ್ರತೆ 0.17 ಮಿಲಿಮೋಲಾರ್. ಇಂಥ ಸಣ್ಣ ಅಣುಗಳನ್ನು ಜೀವಂತ ದೇಹದಲ್ಲಿ ಸೆಸ್ಟ್ ನಂಬಿಕೆಯಿಂದ ಕಾಣಲು ಸಾಮಾನ್ಯವಾಗಿ ಬೇಕಾಗುವುದು ಮಿಲಿಮೋಲಾರ್ ಲೆಕ್ಕದ ಸಾಂದ್ರತೆ. ಅಲ್ಲಿಗೆ ಹಲವು ಪಟ್ಟು ಕೊರತೆ ಬಿತ್ತು. ಸಂಶೋಧಕರು ಇಲಿಗಳಲ್ಲಿ ಕಂಡದ್ದು ಲೈಪೊಸೋಮಿನಲ್ಲಿ ತುಂಬಿದ ಮದ್ದನ್ನು. ಆದರೆ ಆಸ್ಪತ್ರೆಯಲ್ಲಿ ರೋಗಿಗೆ ಸಿಗುವ ಮಾಮೂಲಿ ಜೆಮ್ಸಿಟಬೈನ್ ಲೈಪೊಸೋಮಿನಲ್ಲಿ ಬರುವುದಿಲ್ಲ, ಪುಡಿಯಾಗಿಯೋ ದ್ರಾವಣವಾಗಿಯೋ ಸೀಸೆಯಲ್ಲಿ ಬಂದು ಸಲೈನಿನಲ್ಲಿ ಬೆರೆಯುತ್ತದೆ. ಔಷಧಕ್ಕೆ ಗುರುತು ಅಂಟಿಸಿಲ್ಲ ಎಂಬುದು ಅಕ್ಷರಶಃ ಸತ್ಯ. ಹಾಗಿದ್ದರೂ ಇಲಿಗಳಲ್ಲಿ ಕಂಡದ್ದು ಒಂದು ಹೊದಿಕೆಯೊಳಗಿನ ಮದ್ದು, ಹೊದಿಕೆಯೇ ಅದು ದೇಹದಲ್ಲಿ ಓಡಾಡುವ ಬಗೆಯನ್ನು ಬದಲಿಸುತ್ತದೆ. ಗುರುತಿಲ್ಲದ ವಿಧಾನದ ಮೂಲ ಹೆಗ್ಗಳಿಕೆ ಇಲ್ಲಿ ಅರ್ಧ ಕರಗಿತು.

ಲೈಪೊಸೋಮಿನ ಭರವಸೆಯೂ ಗಟ್ಟಿಯದಲ್ಲ. ಅದೇ 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತ್ತು. ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಸೇರುವುದು ಮಧ್ಯಾಂಕದ ಲೆಕ್ಕದಲ್ಲಿ ಶೇಕಡಾ 0.7 ಮಾತ್ರ ಎಂದು ಅದಕ್ಕೆ ತಿಳಿಯಿತು. ಉಳಿದದ್ದರಲ್ಲಿ ಹೆಚ್ಚಿನದು ಯಕೃತ್ತು, ಗುಲ್ಮಗಳ ಪಾಲು. ಚೀಲ ಗಡ್ಡೆ ಸೇರಿದ ಮಾತ್ರಕ್ಕೆ ಮದ್ದು ಚೀಲದಿಂದ ಹೊರಬಂದು ಕೋಶವನ್ನು ಹೊಕ್ಕಿತು ಎನ್ನಲೂ ಆಗದು. ಒಳಗಿದ್ದರೂ ಹೊರಗಿದ್ದರೂ ನೀರಿನೊಡನೆ ಅದಲುಬದಲು ನಡೆಯುವುದರಿಂದ ಚಿತ್ರ ಈ ಎರಡನ್ನು ಸುಲಭವಾಗಿ ಬೇರ್ಪಡಿಸಿ ತೋರಿಸಲಾರದು.

ಕಾಂತಕ್ಷೇತ್ರದ ಬಲದ ಪ್ರಶ್ನೆಯನ್ನು ನಮ್ಮ ಕಡೆಯವರು ವಿಶೇಷವಾಗಿ ಕೇಳಬೇಕು. ಇಲಿಗಳಿಗೆ ಬಳಸುವ ಸಂಶೋಧನಾ ಎಂಆರ್‌ಐ ಯಂತ್ರಗಳು 9.4 ಟೆಸ್ಲಾ, 11.7 ಟೆಸ್ಲಾದಷ್ಟು ಬಲದವು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇರುವುದು ಹೆಚ್ಚಾಗಿ 1.5 ಟೆಸ್ಲಾ, ದೊಡ್ಡ ಊರುಗಳಲ್ಲಿ 3 ಟೆಸ್ಲಾ. ಜೆಮ್ಸಿಟಬೈನ್‌ನ ಅಮೈನೋ ಸಂಕೇತ ನೀರಿನ ಸಂಕೇತಕ್ಕಿಂತ ಸುಮಾರು 2ರಿಂದ 2.4 ಪಿಪಿಎಂ ದೂರದಲ್ಲಿರುತ್ತದೆ. 9.4 ಟೆಸ್ಲಾದಲ್ಲಿ ಈ ಅಂತರ 800ರಿಂದ 960 ಹರ್ಟ್ಸ್. 3 ಟೆಸ್ಲಾದಲ್ಲಿ ಅದು 300ರ ಆಚೀಚೆಗೆ ಇಳಿಯುತ್ತದೆ, 1.5ರಲ್ಲಿ ಅದರ ಅರ್ಧಕ್ಕೆ. ಹೈಡ್ರೋಜನ್ನಿನ ಅದಲುಬದಲು ಸೆಕೆಂಡಿಗೆ ನೂರಾರು, ಸಾವಿರಾರು ಸಲ ನಡೆಯುವಾಗ ಇಷ್ಟು ಕಡಿಮೆ ಅಂತರದಲ್ಲಿ ಎರಡು ಸಂಕೇತಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮೇಲಾಗಿ ದೇಹದ ಸ್ವಂತ ಅಣುಗಳೂ ಅದೇ ಆಸುಪಾಸಿನಲ್ಲಿ ಮಿಡಿಯುತ್ತವೆ: ಸ್ನಾಯುವಿನ ಕ್ರಿಯಾಟಿನ್ 2 ಪಿಪಿಎಂ ಬಳಿ, ಪ್ರೋಟೀನುಗಳ ಅಮೈಡ್ 3.5 ಪಿಪಿಎಂನಲ್ಲಿ, ಸಕ್ಕರೆಯ ಹೈಡ್ರಾಕ್ಸಿಲ್ 1ರ ಆಸುಪಾಸಿನಲ್ಲಿ. ಅದಲುಬದಲಿನ ವೇಗ ಆಮ್ಲೀಯತೆಗೆ ತಕ್ಕಂತೆಯೂ ಏರಿಳಿಯುತ್ತದೆ, ಗಡ್ಡೆಯೋ ಅಕ್ಕಪಕ್ಕದ ಅಂಗಾಂಶಕ್ಕಿಂತ ಸಾಮಾನ್ಯವಾಗಿ ಹೆಚ್ಚು ಆಮ್ಲೀಯ. ಸಂಕೇತ ಬದಲಾದರೆ ಮದ್ದು ಬಂತೋ ಆಮ್ಲ ಹೆಚ್ಚಿತೋ ಎಂದು ಹೇಳಲು ಮದ್ದು ಕೊಡುವ ಮೊದಲಿನ ಚಿತ್ರ ಬೇಕು, ಎರಡೂ ಚಿತ್ರಗಳ ನಡುವೆ ರೋಗಿ ಅಲ್ಲಾಡಬಾರದು. ಜೆಮ್ಸಿಟಬೈನ್ ಅಗತ್ಯ ಹೆಚ್ಚಾಗಿ ಬೀಳುವ ಮೇದೋಜೀರಕ ಗ್ರಂಥಿಯಂತೂ ಪ್ರತಿ ಉಸಿರಿಗೂ ಜರುಗುವ ಅಂಗ.

ಇಷ್ಟು ಹೇಳಿದ್ದು ಕೆಲಸವನ್ನು ತಳ್ಳಿಹಾಕಲು ಅಲ್ಲ. ಗಡ್ಡೆಯಲ್ಲಿ ಮದ್ದನ್ನು ನೋಡುವುದರ ಬೆಲೆ ಏನೆಂದು ತಿಳಿಯಲು ಎರಡು ಹಳೆಯ ಪ್ರಸಂಗಗಳನ್ನು ನೆನೆಯಬೇಕು. ಒಂದು ಮನುಷ್ಯರ ಮೇಲೆ ನಡೆದದ್ದು. 5-ಫ್ಲೋರೊಯುರಾಸಿಲ್ ಔಷಧದಲ್ಲಿ ಹುಟ್ಟಿನಿಂದಲೇ ಒಂದು ಫ್ಲೋರಿನ್ ಪರಮಾಣು ಇದೆ. ಮೃದು ಅಂಗಾಂಶಗಳಲ್ಲಿ ಎಂಆರ್ ಯಂತ್ರಕ್ಕೆ ಕಾಣುವಂಥ ಫ್ಲೋರಿನ್ ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಯಂತ್ರವನ್ನು ಫ್ಲೋರಿನ್ನಿಗೆ ಹೊಂದಿಸಿದರೆ ಮದ್ದು ತಾನಾಗಿ ಕಾಣುತ್ತದೆ, ಇದೂ ಗುರುತಿಲ್ಲದ ಜಾಡೇ. ಕ್ಯಾಲಿಫೋರ್ನಿಯಾದ ವಾಲ್ಟರ್ ವೋಲ್ಫ್, ಕ್ಯಾರಿ ಪ್ರೆಸಂಟ್ ಮತ್ತು ಸಂಗಡಿಗರು 1990ರಲ್ಲಿ ರೋಗಿಗಳಲ್ಲಿ ಹೀಗೆ ನೋಡಿದಾಗ ಕೆಲವರ ಗಡ್ಡೆಯಲ್ಲಿ ಮದ್ದು ರಕ್ತದಲ್ಲಿರುವುದಕ್ಕಿಂತ ಬಹಳ ಹೊತ್ತು ನಿಲ್ಲುತ್ತದೆ, ಕೆಲವರಲ್ಲಿ ನಿಲ್ಲುವುದೇ ಇಲ್ಲ ಎಂದು ಕಂಡಿತು. 1994ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಮದ್ದು ನಿಂತವರಿಗೇ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು ಎಂದು ವರದಿ ಮಾಡಿದರು. ಒಂದೇ ಮದ್ದು, ಒಂದೇ ಪ್ರಮಾಣ, ಫಲ ಮಾತ್ರ ಬೇರೆ, ಮತ್ತು ಅದರ ಸುಳಿವು ಮೊದಲೇ ಸಿಗಬಲ್ಲದು. ಇಷ್ಟು ವರ್ಷಗಳಾದರೂ ಇದು ಆಸ್ಪತ್ರೆಯ ದಿನಬಳಕೆಗೆ ಬರಲಿಲ್ಲ, ಅದಕ್ಕೆ ಬೇಕಾದ ಉಪಕರಣ ಮಾಮೂಲಿ ಎಂಆರ್‌ಐ ಯಂತ್ರಗಳಲ್ಲಿ ಇರುವುದಿಲ್ಲ. ಸೆಸ್ಟ್ ಮೇಲುಗೈ ಪಡೆಯುವುದು ಈ ಜಾಗದಲ್ಲಿ: ಅದಕ್ಕೆ ಇದ್ದ ಯಂತ್ರವೇ ಸಾಕು.

ಇನ್ನೊಂದು ಪ್ರಸಂಗ 2009ರದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಸುತ್ತ ದಟ್ಟವಾದ ನಾರು ಬೆಳೆದು ಜೆಮ್ಸಿಟಬೈನ್ ಒಳಹೋಗದಂತೆ ತಡೆಯುತ್ತದೆ ಎಂದು ಕೆನೆತ್ ಆಲಿವ್, ಡೇವಿಡ್ ಟುವೆಸನ್ ಮತ್ತಿತರರು ಸೈನ್ಸ್ ಪತ್ರಿಕೆಯಲ್ಲಿ ಬರೆದರು. ನಾರನ್ನು ಸಡಿಲಿಸುವ ಇನ್ನೊಂದು ಮದ್ದು ಕೊಟ್ಟಾಗ ಇಲಿಗಳ ಗಡ್ಡೆಗೆ ಜೆಮ್ಸಿಟಬೈನ್ ಚೆನ್ನಾಗಿ ಸೇರಿತು, ಇಲಿಗಳು ಹೆಚ್ಚು ಕಾಲ ಬದುಕಿದವು. ಅದೇ ದಾರಿ ಹಿಡಿದು ಮನುಷ್ಯರ ಮೇಲೆ ಪ್ರಯೋಗ ಮಾಡಿದಾಗ ಹೊಸ ಮದ್ದು ಪಡೆದವರ ಸ್ಥಿತಿಯೇ ಕೆಟ್ಟಿತು. 2012ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಆ ರೋಗಿಗಳ ಗಡ್ಡೆಗೆ ಮದ್ದು ಹೆಚ್ಚು ಸೇರಿತ್ತೇ ಎಂದು ಚಿಕಿತ್ಸೆ ನಡೆಯುತ್ತಿರುವಾಗಲೇ ನೋಡಲು ಒಂದು ಸರಳ ಸಾಧನ ಕೈಯಲ್ಲಿದ್ದಿದ್ದರೆ ಎಡವಿದ್ದು ಎಲ್ಲಿ ಎಂಬುದು ಬೇಗ ಸ್ಪಷ್ಟವಾಗುತ್ತಿತ್ತು. ಇಲಿಯಲ್ಲಿ ಕಂಡದ್ದನ್ನೇ ಹಿಡಿದು ತಕ್ಷಣದ ಪರಿಣಾಮದ ಮಾತಾಡುವವರು ಈ ಪ್ರಸಂಗವನ್ನು ಮರೆಯಬಾರದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಉತ್ತರ ಲಿಯು ತಂಡದ ಪ್ರಬಂಧದಲ್ಲೇ ಇದೆ. ಅವರು ವಿವರವಾಗಿ ಅಳೆದ ಮೂರನೆಯ ಬಗೆ ಫೋಲೇಟ್ ವಿರೋಧಿಗಳು, ಮಿಥೋಟ್ರೆಕ್ಸೇಟ್ ಸೇರಿದ ಕುಲ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬರುವ ಮೂಳೆ ಕ್ಯಾನ್ಸರಿಗೆ ಮಿಥೋಟ್ರೆಕ್ಸೇಟನ್ನು ಚದರ ಮೀಟರಿಗೆ 12 ಗ್ರಾಂವರೆಗೆ ಕೊಡುವ ಪದ್ಧತಿ ಇದೆ. 1.6 ಚದರ ಮೀಟರಿಗೆ 19 ಗ್ರಾಂ, ಅಂದರೆ 42 ಮಿಲಿಮೋಲ್. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ 1 ಮಿಲಿಮೋಲಾರ್ ದಾಟುತ್ತದೆ. ಮದ್ದು ಇಳಿದು ಮುಗಿಯುವ ಹೊತ್ತಿಗೆ ರಕ್ತದಲ್ಲಿ ಸುಮಾರು 1 ಮಿಲಿಮೋಲಾರ್ ಮಟ್ಟ ಮುಟ್ಟಬೇಕು ಎಂದು ವೈದ್ಯರು ಗುರಿ ಇಟ್ಟುಕೊಳ್ಳುವುದೂ ಉಂಟು. ಲೈಪೊಸೋಮ್ ಬೇಡ, ಹೊಸ ವಸ್ತುವಿಗೆ ಅನುಮತಿ ಬೇಡ, ರೋಗಿಗೆ ಹೇಗೂ ಕೊಡುವ ಮದ್ದು. ಮೂಳೆ ಗಡ್ಡೆ ಸಾಮಾನ್ಯವಾಗಿ ಬರುವುದು ಮೊಣಕಾಲಿನ ಆಸುಪಾಸಿನಲ್ಲಿ, ಉಸಿರಾಟಕ್ಕೆ ಅದು ಅಲುಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಆ ರೋಗಿಗಳ ಎಂಆರ್‌ಐ ಹೇಗೂ ಆಗುತ್ತದೆ, ತೆಗೆದ ಗಡ್ಡೆಯಲ್ಲಿ ಎಷ್ಟು ಭಾಗ ಸತ್ತಿದೆ ಎಂದು ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆಯುತ್ತಾರೆ. ಚಿತ್ರದಲ್ಲಿ ಕಂಡ ಮದ್ದಿಗೂ ಸತ್ತ ಕೋಶಗಳಿಗೂ ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು. ತಾಳೆ ಬೀಳದಿದ್ದರೆ ಅದನ್ನೂ ಪ್ರಕಟಿಸಬೇಕು.

ಈ ಕುಲದ ಔಷಧಗಳು ಹುಟ್ಟಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ. ಅವರ ತಂಡ ಒದಗಿಸಿದ ಅಮಿನೊಪ್ಟೆರಿನ್ ಬಳಸಿ ಸಿಡ್ನಿ ಫಾರ್ಬರ್ 1948ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ತಾತ್ಕಾಲಿಕ ಚೇತರಿಕೆ ಕಂಡರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ತೆಲುಗು ನಾಡಿನಲ್ಲಿ ಹುಟ್ಟಿದವರೊಬ್ಬರು ಕಟ್ಟಿಕೊಟ್ಟ ಅಣುವಿನ ಜಾಡನ್ನು ತೆಲುಗು ನಾಡಿನಲ್ಲೇ ಹಿಡಿಯಬೇಕೆಂಬ ಆಸೆ ನನ್ನದು.

ಪಟಾನ್‌ಚೆರುವಿಗೆ ಈ ಕೆಲಸ ಇನ್ನೊಂದು ಕಾರಣಕ್ಕೂ ಸಲ್ಲಬೇಕು. ಈ ಊರು 11ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಎನ್ನುತ್ತಾರೆ. ರಾಣಿ ಸುಗ್ಗಲದೇವಿ ಮತ್ತು ದೇವರ ದಾಸಿಮಯ್ಯನ ಕಥೆಯಿಂದ ಕನ್ನಡಿಗರಿಗೆ ಪರಿಚಿತವಾದ ಊರು. 1972ರಲ್ಲಿ ಇಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಬಂತು. ಅದರ ಬೆನ್ನಿಗೆ ಔಷಧ ಕಾರ್ಖಾನೆಗಳೂ ಬೆಳೆದವು, ನಕ್ಕವಾಗು ಹಳ್ಳದ ಮೂಲಕ ಕೊಳಕು ಮಾಂಜ್ರಾ ನದಿಯ ಕಡೆ ಹರಿಯಿತು. 1990ರಲ್ಲೇ ಈ ಮಾಲಿನ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಆದರೂ 2007ರಲ್ಲಿ ಸ್ವೀಡನ್ನಿನ ಯೋಕಿಮ್ ಲಾರ್ಸನ್ ತಂಡ ಇಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸುವವರೆಗೆ ಅದರಲ್ಲಿ ಔಷಧ ಎಷ್ಟಿದೆ ಎಂಬುದು ಲೋಕಕ್ಕೆ ಗೊತ್ತಿರಲಿಲ್ಲ. ಸುಮಾರು 90 ಕಾರ್ಖಾನೆಗಳ ನೀರು ಸೇರುತ್ತಿದ್ದ ಆ ಘಟಕದಲ್ಲಿ ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು, ಮಾತ್ರೆ ನುಂಗಿದವರ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಅಲ್ಲಿಯೂ ಔಷಧಕ್ಕೆ ಯಾರೂ ಗುರುತು ಅಂಟಿಸಿರಲಿಲ್ಲ, ಅದರ ಸ್ವಂತ ಅಣುರಾಶಿಯೇ ಅದನ್ನು ತೋರಿಸಿಕೊಟ್ಟಿತು. ತಯಾರಿಸಿದ ಮದ್ದು ಗೇಟಿನ ಆಚೆ ಎಲ್ಲಿಗೆ ಹೋಯಿತು ಎಂದು ಇಲ್ಲಿನವರೇ ಮೊದಲು ಅಳೆದು ಹೇಳಬೇಕಿತ್ತು. ನೀರಿನ ವಿಷಯದಲ್ಲಿ ಅದು ಆಗಲಿಲ್ಲ. ರೋಗಿಯ ಗಡ್ಡೆಯ ವಿಷಯದಲ್ಲಾದರೂ ಆಗಲಿ.

ಬೀದರ್, ಹುಮನಾಬಾದ್, ಜಹೀರಾಬಾದಿನಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಹೈದರಾಬಾದಿನ ಬಸ್ಸು ಹತ್ತುವವರು ಪಟಾನ್‌ಚೆರುವನ್ನು ದಾಟಿಯೇ ಹೋಗುತ್ತಾರೆ. ಅದೇ ಹೆದ್ದಾರಿಯ ಕಂದಿಯಲ್ಲಿ ಐಐಟಿ ಇದೆ, ಗೋಪನ್‌ಪಲ್ಲಿಯ ಟಿಐಎಫ್‌ಆರ್‌ನಲ್ಲಿ ಎನ್‌ಎಂಆರ್ ಬಲ್ಲ ಭೌತವಿಜ್ಞಾನಿಗಳಿದ್ದಾರೆ, ಎಂಎನ್‌ಜೆಯಲ್ಲಿ ರೋಗಿಗಳೂ ವೈದ್ಯರೂ ಇದ್ದಾರೆ, ಮದ್ದು ತಯಾರಿಸುವವರಂತೂ ಊರ ತುಂಬ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರಕ್ಕೂ ಕಿದ್ವಾಯಿಗೂ ಇದೇ ಮಾತು ಅನ್ವಯ. 3 ಟೆಸ್ಲಾ ಯಂತ್ರದಲ್ಲಿ, ಮಿಥೋಟ್ರೆಕ್ಸೇಟ್ ದೊಡ್ಡ ಪ್ರಮಾಣದಲ್ಲಿ ಪಡೆಯುವ ರೋಗಿಗಳ ಒಪ್ಪಿಗೆ ಪಡೆದು, ಮದ್ದು ಇಳಿಯುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ಅವರ ಗಡ್ಡೆಯ ಸೆಸ್ಟ್ ಚಿತ್ರ ತೆಗೆಯಿರಿ. ಅದಕ್ಕೆ ಬೇಕಾಗುವುದು ಯಂತ್ರದ ಸ್ವಲ್ಪ ಹೆಚ್ಚು ಸಮಯ ಮತ್ತು ಈ ನಾಲ್ಕು ಕಡೆಯವರು ಒಂದು ಮೇಜಿನ ಸುತ್ತ ಕೂರುವ ಮನಸ್ಸು.